ಸಂಗಾತಿ ವೀಸಾದಲ್ಲಿ ಜರ್ಮನಿಗೆ: ವೀಸಾದಷ್ಟೇ ಮುಖ್ಯ ಆರೋಗ್ಯ ವಿಮೆ

ಮದುವೆಯಾಗಿ ಜರ್ಮನಿಗೆ ಹೊರಟವರ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ: ವೀಸಾ ಯಾವಾಗ ಬರುತ್ತದೆ? ವೀಸಾ ಅರ್ಜಿ ಹಾಕುವ ಮೊದಲೇ, ಅಲ್ಲಿ ಕೆಲಸದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಇನ್ನೊಂದು ಮಾತು ಕೇಳಿ ಇಟ್ಟುಕೊಳ್ಳಿ. ಅವರ ಆರೋಗ್ಯ ವಿಮೆ ಪಬ್ಲಿಕ್ಕೋ, ಪ್ರೈವೇಟೋ? ಹೋದ ಮೇಲೆ ನಿಮ್ಮ ಖರ್ಚು ಎಷ್ಟು, ಓಡಾಟ ಎಷ್ಟು, ಕಾಯಿಲೆ ಬಿದ್ದರೆ ಯಾರನ್ನು ಕಾಣಬೇಕು ಎಂಬುದೆಲ್ಲ ಬಹುಪಾಲು ಈ ಉತ್ತರದ ಮೇಲೆ ನಿಂತಿದೆ. ವೀಸಾ ಸಿಕ್ಕಿತು ಎಂದ ಮಾತ್ರಕ್ಕೆ ಅಲ್ಲಿನ ವಿಮೆ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು.

ಪಬ್ಲಿಕ್ ಆದರೆ ಒಂದು ದಾರಿ, ಪ್ರೈವೇಟ್ ಆದರೆ ಇನ್ನೊಂದು

ಜರ್ಮನಿಯಲ್ಲಿ ಕಡ್ಡಾಯ ಆರೋಗ್ಯ ವಿಮೆಯ ಕಾನೂನು ಬಂದದ್ದು 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಇವತ್ತಿಗೂ ಸುಮಾರು ಶೇ 90ರಷ್ಟು ಜನ ಈ ಪಬ್ಲಿಕ್ ವ್ಯವಸ್ಥೆಯಲ್ಲೇ ಇದ್ದಾರೆ. ಇದನ್ನು ನಡೆಸುವ ಸಂಸ್ಥೆಗಳಿಗೆ ಅಲ್ಲಿ ಕ್ರಾಂಕೆನ್‌ಕಾಸೆ ಎನ್ನುತ್ತಾರೆ. ಟಿಕೆ, ಎಒಕೆ, ಬಾರ್ಮರ್, ಡಿಎಕೆ ಮುಂತಾದವು ಇವೇ. ಸಂಬಳದ ಶೇ 14.6ರಷ್ಟು ಮೂಲ ಕಂತು, ಅದರ ಮೇಲೆ ಆಯಾ ಸಂಸ್ಥೆಯ ಹೆಚ್ಚುವರಿ ಕಂತು. ಉದ್ಯೋಗಿಯ ಕಂತಿನಲ್ಲಿ ಅರ್ಧ ಕಂಪನಿಯದು.

ನಿಮ್ಮ ಸಂಗಾತಿ ಈ ವ್ಯವಸ್ಥೆಯಲ್ಲಿದ್ದು ನಿಮಗೆ ಆದಾಯ ಇಲ್ಲದಿದ್ದರೆ ಅಥವಾ ತೀರಾ ಕಡಿಮೆ ಇದ್ದರೆ, ಅವರ ವಿಮೆಯೊಳಗೇ ನೀವೂ ಸೇರಬಹುದು. ಇದಕ್ಕೆ ಫಮೀಲಿಯೆನ್‌ಫೆರ್‌ಜಿಖೆರುಂಗ್ ಎಂದು ಹೆಸರು. ಕುಟುಂಬ ವಿಮೆ ಎನ್ನೋಣ. ಇದಕ್ಕೆ ಒಂದು ಯೂರೋ ಕೂಡ ಹೆಚ್ಚು ಕಟ್ಟಬೇಕಿಲ್ಲ. ವೈದ್ಯಕೀಯ ತಪಾಸಣೆ ಇಲ್ಲ, ಕಾಯುವ ಅವಧಿ ಇಲ್ಲ, ಹಳೇ ಕಾಯಿಲೆ ಇದೆಯೆಂದು ದೂರ ಇಡುವುದೂ ಇಲ್ಲ. ಥೈರಾಯ್ಡ್ ಇದ್ದವರಿಗೂ, ಸಕ್ಕರೆ ಕಾಯಿಲೆ ಇದ್ದವರಿಗೂ, ಗರ್ಭಿಣಿಯಾಗಿ ಬಂದವರಿಗೂ ಬಾಗಿಲು ಒಂದೇ ಸಮ ತೆರೆದಿರುತ್ತದೆ. ಹೊಸಬರಿಗೆ ಆ ದೇಶದಲ್ಲಿ ಸಿಗುವ ಅತ್ಯಂತ ದೊಡ್ಡ ಆಸರೆ ಇದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೈವೇಟ್ ಆದರೆ ಲೆಕ್ಕವೇ ಬೇರೆ. ವರ್ಷದ ಸಂಬಳ ಒಂದು ಮಿತಿ ದಾಟಿದ ಉದ್ಯೋಗಿಗಳು ಪ್ರೈವೇಟ್ ಆರಿಸಿಕೊಳ್ಳಬಹುದು. 2026ರಲ್ಲಿ ಆ ಮಿತಿ 77,400 ಯೂರೋ. ಒಂಟಿಯಾಗಿದ್ದಾಗ, ವಯಸ್ಸು ಚಿಕ್ಕದಿದ್ದಾಗ ಕಂತು ಕಡಿಮೆ ಎಂದು ಅತ್ತ ಹೋದವರು ಬಹಳ. ಮದುವೆಯಾದ ಮೇಲೆ ಮನೆಯ ಒಬ್ಬೊಬ್ಬರಿಗೂ ಪ್ರತ್ಯೇಕ ಪಾಲಿಸಿ, ಪ್ರತ್ಯೇಕ ಕಂತು, ಪ್ರತ್ಯೇಕ ಆರೋಗ್ಯ ಪ್ರಶ್ನಾವಳಿ. ಮಗು ಹುಟ್ಟಿದರೆ ಸಾಮಾನ್ಯವಾಗಿ ಅದಕ್ಕೂ ಪ್ರತ್ಯೇಕ ಪಾಲಿಸಿ, ಪ್ರತ್ಯೇಕ ಕಂತು. ನೇರವಾಗಿ ಭಾರತದಿಂದ ಬಂದು, ಕೆಲಸವೂ ಇಲ್ಲದ ಸಂಗಾತಿ ತಾನೊಬ್ಬಳೇ ಅಥವಾ ತಾನೊಬ್ಬನೇ ಪಬ್ಲಿಕ್ ವಿಮೆಗೆ ಸೇರುತ್ತೇನೆಂದರೆ ದಾರಿ ಬಹುತೇಕ ಮುಚ್ಚಿದೆ. ಕೆಲಸ ಸಿಕ್ಕಿದ ಮೇಲಷ್ಟೇ ಅದು ತೆರೆದುಕೊಳ್ಳುತ್ತದೆ. ಹಾಗಾಗಿ ಮದುವೆ ಗೊತ್ತಾದವರು, ಇನ್ನೂ ಪಬ್ಲಿಕ್‌ನಲ್ಲೇ ಇದ್ದರೆ, ಏಜೆಂಟರ ಮಾತು ಕೇಳಿ ಅವಸರದಲ್ಲಿ ಪ್ರೈವೇಟ್‌ಗೆ ಸಹಿ ಹಾಕಬೇಡಿ. ಒಮ್ಮೆ ಹೋದರೆ ವಾಪಸ್ ಬರುವುದು ಕಷ್ಟ.

ಊರಿನಿಂದ ಹೊರಡುವ ಮುನ್ನ

ಗಂಡ ಹೆಂಡತಿ ಇಬ್ಬರಿಗೂ 18 ತುಂಬಿರಬೇಕು. ವೀಸಾ ಶುಲ್ಕ 75 ಯೂರೋ, ರೂಪಾಯಿಯಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಜರ್ಮನ್ ಭಾಷೆಯ ಎ1 ಪ್ರಮಾಣಪತ್ರ ಬೇಕು. ಗಯಟೆ ಇನ್‌ಸ್ಟಿಟ್ಯೂಟ್‌ನ ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲೇ ನಡೆಯುತ್ತದೆ. ಸಂಗಾತಿಯ ಬಳಿ ಇಯು ಬ್ಲೂ ಕಾರ್ಡ್, ಅಂದರೆ ಉನ್ನತ ಅರ್ಹತೆಯ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ ಇದ್ದರೆ ಈ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಕಲಿತುಕೊಂಡೇ ಹೋಗಿ. ಅಲ್ಲಿನ ಕಚೇರಿಗಳ ಪತ್ರವೆಲ್ಲ ಜರ್ಮನ್‌ನಲ್ಲೇ ಬರುತ್ತದೆ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ; ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆದ ಮದುವೆ ಪ್ರಮಾಣಪತ್ರದಲ್ಲಿ ಬರೀ ಇನಿಶಿಯಲ್ ಇರುತ್ತದೆ. ನಮಗೆ ಅದು ಒಬ್ಬರೇ ಎಂದು ಗೊತ್ತು, ಅಲ್ಲಿನ ಗುಮಾಸ್ತರಿಗೆ ಅವರು ಇಬ್ಬರು. ವೀಸಾ, ಮನೆ ವಿಳಾಸದ ನೋಂದಣಿ, ವಿಮೆ, ತೆರಿಗೆ ಎಲ್ಲಕ್ಕೂ ಇದೇ ಕಾಗದ ತೋರಿಸಬೇಕಾದ್ದರಿಂದ, ಮದುವೆ ನೋಂದಣಿಯ ಅರ್ಜಿ ತುಂಬುವಾಗಲೇ ಇಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ಆಗ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ, ಆಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ.

ವಿಮಾನ ಇಳಿದ ದಿನದಿಂದ ಅಲ್ಲಿನ ವಿಮೆ ಖಚಿತವಾಗುವ ತನಕ ಪ್ರಯಾಣ ಆರೋಗ್ಯ ವಿಮೆ ಬೇಕು. ಸ್ವಲ್ಪ ಹೆಚ್ಚು ದಿನಕ್ಕೇ ಮಾಡಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ: ಮೊದಲೇ ಇದ್ದ ಕಾಯಿಲೆ, ಹೆರಿಗೆಯ ಖರ್ಚನ್ನು ಇಂಥ ಪಾಲಿಸಿಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಮೊದಲ ಎರಡು ವಾರ

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಅನ್ಮೆಲ್ಡುಂಗ್ ಮಾಡಿಸಬೇಕು. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಜೊತೆಗೆ ಈ ವ್ಯಕ್ತಿ ನನ್ನ ಮನೆಗೆ ವಾಸಕ್ಕೆ ಬಂದಿದ್ದಾರೆ ಎಂದು ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಬಾಡಿಗೆ ಕರಾರು ಇದ್ದರೆ ಸಾಲದು, ಈ ಪತ್ರವೇ ಬೇಕು. ಅಪಾಯಿಂಟ್‌ಮೆಂಟ್ ಸಿಗುವುದು ದೊಡ್ಡ ಊರುಗಳಲ್ಲಿ ಕಷ್ಟ, ಆದ್ದರಿಂದ ಟಿಕೆಟ್ ಬುಕ್ ಆದ ದಿನವೇ ಸಂಗಾತಿ ಅದಕ್ಕೂ ದಿನ ಹಿಡಿದಿಡಲಿ.

ಅದೇ ದಿನ ಇನ್ನೊಂದು ಕೆಲಸ ಮಾಡಿ. ಕೆಳಗಿನ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಜರ್ಮನಿಯಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ರೂಢಿ ಕಡಿಮೆ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಸಂಗಾತಿಯ ಹೆಸರು ಒಂದು, ನಿಮ್ಮ ಹೆಸರು ಇನ್ನೊಂದು ಆಗಿದ್ದು, ಡಬ್ಬಿಯ ಮೇಲೆ ಅವರ ಹೆಸರಷ್ಟೇ ಇದ್ದರೆ, ನಿಮಗೆ ಬಂದ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ವಿಮೆ ಕಾರ್ಡ್, 11 ಅಂಕಿಯ ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್ ಎಲ್ಲವೂ ಬರುವುದು ಅಂಚೆಯಲ್ಲೇ. ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಹೆಸರು ಬರೆದು ಅಂಟಿಸಿದರೆ ಅರ್ಧ ತಲೆನೋವು ಕಳೆಯಿತು.

ವಿಮೆಯ ಫಾರ್ಮ್ ನೀವೇ ತುಂಬಿ

ಕುಟುಂಬ ವಿಮೆಯ ಅರ್ಜಿ ಹೋಗುವುದು ಕೆಲಸದಲ್ಲಿರುವವರ ಹೆಸರಿನಲ್ಲಿ. ಹಾಗೆಂದು ಪೂರ್ತಿ ಅವರಿಗೇ ಬಿಡಬೇಡಿ, ಪಕ್ಕದಲ್ಲಿ ಕೂತು ನೀವೇ ತುಂಬಿ. ಹುಟ್ಟಿದ ಊರು, ಮದುವೆಗೆ ಮುಂಚಿನ ಹೆಸರು, ಈವರೆಗೆ ಎಲ್ಲಿ ವಿಮೆ ಇತ್ತು ಎಂದೆಲ್ಲ ಕೇಳುತ್ತಾರೆ. ಆದಾಯದ ಕಲಂ ಬಂದಾಗ ನಿಧಾನಿಸಿ. 2026ರಲ್ಲಿ ತಿಂಗಳಿಗೆ 565 ಯೂರೋ ಮೀರಿದರೆ ಕುಟುಂಬ ವಿಮೆ ಇಲ್ಲ. ಮಿನಿಜಾಬ್ ಎಂಬ ಚಿಕ್ಕ ಕೆಲಸ ಮಾತ್ರ ಇದ್ದರೆ 603 ಯೂರೋವರೆಗೆ ನಡೆಯುತ್ತದೆ. ಸಂಬಳ ಇಲ್ಲ ಎಂದು ಸೊನ್ನೆ ಬರೆದು ಮುಗಿಸುವವರಿದ್ದಾರೆ. ಊರಿನ ಮನೆಯ ಬಾಡಿಗೆ, ಬ್ಯಾಂಕ್ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ಭಾರತದ ಕಂಪನಿಯ ಕೆಲಸವನ್ನು ಜರ್ಮನಿಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮುಂದುವರಿಸುವ ಯೋಚನೆ ಇದ್ದರಂತೂ ಮೊದಲೇ ವಿಮೆ ಸಂಸ್ಥೆಯನ್ನೂ ತೆರಿಗೆ ಸಲಹೆಗಾರರನ್ನೂ ಕೇಳಿ.

ಅರ್ಜಿ ಒಪ್ಪಿಗೆಯಾದರೆ ಫೋಟೊ ಇರುವ ಆರೋಗ್ಯ ಕಾರ್ಡ್ ಬರುತ್ತದೆ. ಒಂದು ಅಕ್ಷರ, ಅದರ ನಂತರ ಒಂಬತ್ತು ಅಂಕಿ ಇರುವ, ಕಾರ್ಡ್ ಮೇಲಿನ ಸಂಖ್ಯೆ ನಿಮ್ಮದೇ. ವಿಮೆ ಸಂಸ್ಥೆ ಬದಲಾದರೂ ಅದು ಬದಲಾಗುವುದಿಲ್ಲ. ಕಾರ್ಡ್ ಬರುವ ಮೊದಲೇ ಹುಷಾರು ತಪ್ಪಿದರೆ ವಿಮೆ ಸಂಸ್ಥೆಗೆ ಫೋನ್ ಮಾಡಿ ಎರ್‌ಜಾಟ್ಸ್‌ಬೆಶೈನಿಗುಂಗ್ ಕೇಳಿ. ಕಾರ್ಡ್‌ನ ಬದಲಿಗೆ ಡಾಕ್ಟರಿಗೆ ತೋರಿಸುವ ಪತ್ರ ಅದು.

ಕುಟುಂಬ ವಿಮೆ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ. ಬಾಣಂತನಕ್ಕೆಂದು ಬರುವ ಅಮ್ಮನಿಗೋ ಅತ್ತೆಗೋ ಇದು ಅನ್ವಯಿಸುವುದಿಲ್ಲ, ಅವರಿಗೆ ಪ್ರಯಾಣ ವಿಮೆಯೇ ಗತಿ.

ವೀಸಾ ಮುಗಿಯುವ ಮೊದಲು

ಪಾಸ್‌ಪೋರ್ಟ್‌ಗೆ ಅಂಟಿಸಿದ ವೀಸಾ ದೇಶದೊಳಗೆ ಬರಲು ಮಾತ್ರ. ಅದರ ಅವಧಿ ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಶುಲ್ಕ ಸಾಮಾನ್ಯವಾಗಿ 100 ಯೂರೋ. ವಿಮೆ ಇದೆ ಎಂಬ ಪತ್ರವನ್ನು ಇಲ್ಲಿ ಕೇಳುತ್ತಾರೆ. ಅಗ್ಗದ ತಾತ್ಕಾಲಿಕ ಪಾಲಿಸಿಗಳನ್ನು ಎಷ್ಟೋ ಕಚೇರಿಗಳು ಒಪ್ಪುವುದಿಲ್ಲ. ಅರ್ಜಿ ಹಾಕಿದ ಮೇಲೆ ಕಾರ್ಡ್ ಬರುವುದು ತಡವಾದರೆ ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ಮಧ್ಯಂತರ ಪತ್ರ ಕೊಡುತ್ತಾರೆ. ತಂಗಿ ಮದುವೆಗೆಂದು ಊರಿಗೆ ಹೊರಡುವ ಮುನ್ನ ಆ ಪತ್ರದಲ್ಲಿ ಜರ್ಮನಿಯ ವಾಸದ ಕಾನೂನಿನ 81ನೇ ಕಲಮಿನ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆ ನೋಡಿ. 4ಕ್ಕೆ ಹಾಕಿದ್ದರೆ ಹೋಗಿ ವಾಪಸ್ ಬರಬಹುದು, 3ಕ್ಕೆ ಹಾಕಿದ್ದರೆ ಹೊರಡಬೇಡಿ.

ಸಂಗಾತಿಯಾಗಿ ಸಿಗುವ ಈ ಪರವಾನಗಿಯಲ್ಲಿ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ. ಕೆಲಸ ಸಿಕ್ಕಿ ಸಂಬಳ ಮಿನಿಜಾಬ್ ಮಿತಿ ದಾಟಿದರೆ ಕುಟುಂಬ ವಿಮೆ ಮುಗಿದು ನಿಮ್ಮದೇ ಸದಸ್ಯತ್ವ ಶುರುವಾಗುತ್ತದೆ. 600 ತಾಸು ಭಾಷೆ, 100 ತಾಸು ದೇಶದ ಪರಿಚಯ ಇರುವ ಇಂಟಿಗ್ರೇಷನ್ ಕೋರ್ಸ್‌ಗೂ ಹೊಸಬರಿಗೆ ಅವಕಾಶವಿದೆ, ಬಿಡಬೇಡಿ.

ಡಾಕ್ಟರ್ ಹತ್ತಿರ

ನೇರ ಆಸ್ಪತ್ರೆಗೆ ಹೋಗುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಮನೆ ಹತ್ತಿರದ ಹೌಸ್‌ಆರ್ಟ್ಸ್ಟ್, ಅಂದರೆ ಕುಟುಂಬ ವೈದ್ಯರೊಬ್ಬರನ್ನು ಹುಷಾರಾಗಿರುವಾಗಲೇ ಹುಡುಕಿಕೊಳ್ಳಿ. ರಾತ್ರಿ, ರಜಾದಿನಗಳಲ್ಲಿ ಜ್ವರ ಬಂದರೆ 116117, ಪ್ರಾಣಕ್ಕೆ ಕುತ್ತಾದರೆ 112. ಪಬ್ಲಿಕ್ ವಿಮೆ ಇದ್ದರೆ ಡಾಕ್ಟರಿಗೆ ಹಣ ಕೊಡಬೇಕಿಲ್ಲ. ಔಷಧಿಗೆ ಬೆಲೆಯ ಶೇ 10, ಕನಿಷ್ಠ 5, ಗರಿಷ್ಠ 10 ಯೂರೋ ನಿಮ್ಮ ಪಾಲು. ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನ ಮಾತ್ರ. ಗರ್ಭಿಣಿಯರ ನಿಯಮಿತ ತಪಾಸಣೆಗೆ ಏನೂ ಇಲ್ಲ.

ಸಂಸಾರ ಮುರಿದರೆ

ಇದನ್ನು ಹೊರಡುವ ಮುಂಚೆ ಯಾರೂ ಹೇಳುವುದಿಲ್ಲ, ಆದ್ದರಿಂದಲೇ ಇಲ್ಲಿ ಬರೆಯಬೇಕು. ಸಂಗಾತಿಯಾಗಿ ಸಿಕ್ಕ ಪರವಾನಗಿ ದಾಂಪತ್ಯಕ್ಕೆ ಅಂಟಿಕೊಂಡಿರುತ್ತದೆ. ಜರ್ಮನಿಯಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ ಮೇಲೆ ಸ್ವತಂತ್ರವಾಗಿ ಇರುವ ಹಕ್ಕು ಕೇಳಬಹುದು. ಮನೆಯೊಳಗೆ ಹಿಂಸೆ ನಡೆದಿದ್ದರೆ ಈ ಮೂರು ವರ್ಷದ ಷರತ್ತನ್ನು ಕೈಬಿಡಲು ಕಾನೂನಿನಲ್ಲೇ ಅವಕಾಶವಿದೆ. ವೀಸಾ ಹೋಗುತ್ತದೆ ಎಂದು ಹೆದರಿ ಹೊಡೆತ ತಿನ್ನಬೇಕಿಲ್ಲ. ಮಹಿಳೆಯರ ಸಹಾಯವಾಣಿ 116016ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಉಚಿತವಾಗಿ, ಹೆಸರು ಹೇಳದೆ, ಇಂಗ್ಲಿಷ್ ಸೇರಿ ಹಲವು ಭಾಷೆಗಳಲ್ಲಿ ಮಾತನಾಡಬಹುದು. ಬೇರೆಯಾಗಿ ವಾಸಿಸುತ್ತಿದ್ದರೂ ವಿಚ್ಛೇದನ ಅಂತಿಮವಾಗುವ ತನಕ ಕುಟುಂಬ ವಿಮೆ ಮುಂದುವರಿಯುತ್ತದೆ. ಆಮೇಲೆ ಮೂರು ತಿಂಗಳೊಳಗೆ ವಿಮೆ ಸಂಸ್ಥೆಗೆ ತಿಳಿಸಿ ನಿಮ್ಮ ಹೆಸರಿನಲ್ಲೇ ಸದಸ್ಯತ್ವ ಮುಂದುವರಿಸಿಕೊಳ್ಳಿ. ಪಾಸ್‌ಪೋರ್ಟ್, ವಿಮೆ ಕಾರ್ಡ್, ಮದುವೆ ಪ್ರಮಾಣಪತ್ರದ ಪ್ರತಿ ಬಂದ ಮೊದಲ ದಿನದಿಂದಲೂ ನಿಮ್ಮ ಕೈಯಲ್ಲೇ ಇರಲಿ.