ಲಾರಿ ಆಫೀಸಿನ ಸರ್ಕಾರಿ ಲಾಗಿನ್: ಮೊದಲು ಹೆಸರು, ಆಮೇಲೆ ನಂಬರು, ಕೊನೆಗೆ ಪೋರ್ಟಲ್

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಲಾರಿ ಆಫೀಸುಗಳಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಬಿಲ್), ಜಿಎಸ್‌ಟಿ, ವಾಹನ್ (ಗಾಡಿಗಳ ಸರ್ಕಾರಿ ದಾಖಲೆಯ ಪೋರ್ಟಲ್) ಖಾತೆ ಮಾಡಿಕೊಡುವಾಗ ಮೊದಲ ದಿನ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಮಾಲೀಕರ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಗಾಡಿಗಳ ಆರ್‌ಸಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡುತ್ತೇನೆ. ಈ ಅರ್ಧ ದಿನ ಉಳಿಸಲು ಹೋದವರು ಆಮೇಲೆ ತಿಂಗಳುಗಟ್ಟಲೆ ಅಲೆಯುತ್ತಾರೆ.

ನಮ್ಮ ಕಡೆಯ ದೊಡ್ಡ ತೊಡಕು ಇನಿಷಿಯಲ್. ಮಂಜುನಾಥ ಎಂಬ ಮಾಲೀಕರು ಎಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ‘ಮಂಜುನಾಥ ಎಚ್ ಆರ್’ ಇರುತ್ತದೆ. ಪ್ಯಾನ್‌ನಲ್ಲಿ ಕೊನೆಯ ಹೆಸರಿಗೆ ಬರೀ ಇನಿಷಿಯಲ್ ಒಪ್ಪುವುದಿಲ್ಲವಾದ್ದರಿಂದ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ. ಆರ್‌ಸಿಯಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಕೊನೆಗೆ ‘ಎ’ ಇದೆ, ಇನ್ನೊಂದು ಕಡೆ ಇಲ್ಲ. ಮನುಷ್ಯನ ಕಣ್ಣಿಗೆ ಒಬ್ಬರೇ, ಪೋರ್ಟಲ್‌ಗೆ ಮೂವರು.

ಇದರಲ್ಲಿ ನಾನು ಪ್ಯಾನನ್ನು ಬುಡವಾಗಿ ಹಿಡಿಯುತ್ತೇನೆ. ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ದಿಮೆಗಳ ನೋಂದಣಿ), ಇ-ವೇ ಬಿಲ್ ಮೂರೂ ಪ್ಯಾನ್ ಮೇಲೆಯೇ ನಿಂತಿವೆ. ಪ್ಯಾನ್ ಸರಿಯಿದ್ದರೆ ಅದನ್ನೇ ಗುರುತಿನ ದಾಖಲೆಯಾಗಿ ಕೊಟ್ಟು ಆಧಾರ್‌ನ ಹೆಸರನ್ನು ಅದರಂತೆ ಮಾಡಿಸುವುದು. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ. ಸ್ಲಿಪ್ ಕೊಟ್ಟಾಗ ಕೌಂಟರ್ ಮುಂದೆ ನಿಂತೇ ಇಂಗ್ಲಿಷ್, ಕನ್ನಡ ಎರಡನ್ನೂ ಓದಬೇಕು, ಮನೆಗೆ ಬಂದ ಮೇಲಲ್ಲ. ಹುಟ್ಟಿದ ತಾರೀಕನ್ನೂ ಆಗಲೇ ನೋಡಿ. ಹಿಂದೆ ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದುಕೊಂಡ ಜೂನ್ 1 ಪ್ಯಾನ್‌ನಲ್ಲಿ, ಜಾತಕದ ತಾರೀಕು ಆಧಾರ್‌ನಲ್ಲಿ ಇರುವುದು ಅಪರೂಪವಲ್ಲ.

ಎರಡನೆಯದು ಮೊಬೈಲ್ ನಂಬರು. “ಸಾರ್, ನಿಮ್ಮ ನಂಬರೇ ಹಾಕ್ಬಿಡಿ, ನಂಗೆ ಓಟಿಪಿ ಎಲ್ಲ ಗೊತ್ತಾಗಲ್ಲ” ಎನ್ನುತ್ತಾರೆ. “ಬೇಡ ಮಾರಾಯ್ರೇ, ನಾಳೆ ನಾನು ಊರಲ್ಲಿ ಇಲ್ದಿದ್ರೆ ನಿಮ್ ಲಾರಿ ಚೆಕ್‌ಪೋಸ್ಟಲ್ಲಿ ನಿಂತಿರುತ್ತೆ” ಎಂದು ಒಪ್ಪಿಸಬೇಕಾಗುತ್ತದೆ. ಆರ್‌ಟಿಓ ಏಜೆಂಟರ ನಂಬರು, ಕೆಲಸ ಬಿಟ್ಟುಹೋದ ರೈಟರ್ (ಆಫೀಸಿನ ಗುಮಾಸ್ತ) ನಂಬರು, ಮುಚ್ಚಿಹೋದ ಸೈಬರ್ ಸೆಂಟರಿನ ನಂಬರು, ಹೀಗೆ ಆರು ಗಾಡಿಗೆ ನಾಲ್ಕು ನಂಬರು ಇರುವ ಆಫೀಸುಗಳಿವೆ. ಆಫೀಸಿನ ಹೆಸರಲ್ಲೇ ಒಂದು ಸಿಮ್ ಇಟ್ಟು, ಮಾಲೀಕರ ಆಧಾರ್‌ಗೆ ಮಾತ್ರ ಅವರ ಸ್ವಂತ ನಂಬರು, ಉಳಿದ ಎಲ್ಲ ಖಾತೆಗೂ ಆಫೀಸಿನ ನಂಬರು, ಒಂದೇ ಮೇಲ್ ಐಡಿ ಕೊಡುವುದು ನನ್ನ ಕ್ರಮ. ಆ ಸಿಮ್‌ಗೆ ರೀಚಾರ್ಜ್ ತಪ್ಪಬಾರದು. ಬಹಳ ದಿನ ಬಿಟ್ಟರೆ ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ, ಓಟಿಪಿಯೂ ಅವರಿಗೇ ಹೋಗುತ್ತದೆ.

ಇನ್ನು ಜಿಎಸ್‌ಟಿ ಬೇಕೇ ಬೇಡವೇ ಎಂಬ ಪ್ರಶ್ನೆ. ಬೇಕೇಬೇಕು ಎಂದು ಹೇಳಿ ಫೀಸು ತೆಗೆದುಕೊಳ್ಳುವವರು ಬಹಳ. ಸ್ವಂತ ಎಲ್‌ಆರ್ (ಲೋಡಿಗೆ ಕೊಡುವ ಸಾಗಣೆ ರಸೀದಿ) ಕೊಡದೆ ಗಾಡಿಯನ್ನು ಬೇರೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬಾಡಿಗೆಗೆ ಬಿಟ್ಟವರಿಗೆ ಆ ಬಾಡಿಗೆಯ ಮೇಲೆ ತೆರಿಗೆಯೇ ಇಲ್ಲ. ಸ್ವಂತ ಎಲ್‌ಆರ್ ಕೊಡುವ ಆಫೀಸಾದರೂ, ಎಲ್ಲ ಬಾಡಿಗೆಗೂ ರಿವರ್ಸ್ ಚಾರ್ಜ್‌ನಲ್ಲಿ ಬಾಡಿಗೆ ಕೊಡುವ ಪಾರ್ಟಿಯೇ ತೆರಿಗೆ ಕಟ್ಟುವುದಾದರೆ ನೋಂದಣಿ ಕಡ್ಡಾಯವಲ್ಲ. ಮಂಡಿ, ಸೊಸೈಟಿ, ಫ್ಯಾಕ್ಟರಿ ಲೋಡು ಮಾತ್ರ ಎತ್ತುವ ಎರಡು ಮೂರು ಗಾಡಿಯವರಿಗೆ ನಾನು ಜಿಎಸ್‌ಟಿ ಮಾಡಿಸಿ ಎನ್ನುವುದಿಲ್ಲ, ಟ್ರಾನ್ಸ್‌ಪೋರ್ಟರ್ ಐಡಿ ಮಾಡಿಸಿ ಎನ್ನುತ್ತೇನೆ. ಅಷ್ಟು ಸಾಕು. ಜಿಎಸ್‌ಟಿ ಮಾಡಿಸಿ ರಿಟರ್ನ್ ಹಾಕದೆ ಬಿಟ್ಟರೆ ಎರಡು ಅವಧಿ ಆಗುತ್ತಿದ್ದಂತೆ ಆ ನಂಬರಿನ ಇ-ವೇ ಬಿಲ್ಲೇ ಬ್ಲಾಕ್ ಆಗುತ್ತದೆ.

ಟ್ರಾನ್ಸ್‌ಪೋರ್ಟರ್ ಐಡಿ ತೆಗೆಯುವುದು ಇ-ವೇ ಬಿಲ್ ಪೋರ್ಟಲ್‌ನ ರಿಜಿಸ್ಟ್ರೇಷನ್ ಮೆನುವಿನಲ್ಲಿರುವ ‘ಎನ್‌ರೋಲ್‌ಮೆಂಟ್ ಫಾರ್ ಟ್ರಾನ್ಸ್‌ಪೋರ್ಟರ್ಸ್’ ಎಂಬಲ್ಲಿ. ರಾಜ್ಯ, ಪ್ಯಾನ್‌ನಲ್ಲಿ ಇರುವಂತೆಯೇ ಹೆಸರು, ಪ್ಯಾನ್ ನಂಬರು ಹಾಕಿ ವ್ಯಾಲಿಡೇಟ್ ಒತ್ತಬೇಕು. ಮೊದಲು ತಾಳೆ ನೋಡಿದ್ದರ ಫಲ ಸಿಗುವುದು ಇಲ್ಲೇ, ಒಂದು ಸ್ಪೇಸ್ ಹೆಚ್ಚಾದರೂ ಮುಂದೆ ಹೋಗುವುದಿಲ್ಲ. ಆಮೇಲೆ ಸಂಸ್ಥೆಯ ಬಗೆ, ಆಧಾರ್, ವಿಳಾಸ, ವಿಳಾಸದ ಮತ್ತು ಗುರುತಿನ ದಾಖಲೆ, ಕೊನೆಗೆ ಯೂಸರ್‌ನೇಮ್. ಮುಗಿದರೆ 15 ಅಂಕಿ-ಅಕ್ಷರದ ಐಡಿ ಬರುತ್ತದೆ. ಅದನ್ನು ಎಲ್‌ಆರ್ ಪುಸ್ತಕದ ಮೇಲೆ ಪ್ರಿಂಟ್ ಹಾಕಿಸಿ, ಮಂಡಿಯವರಿಗೂ ಕೊಡಿ. ಅವರು ಇ-ವೇ ಬಿಲ್ಲಿನ ಪಾರ್ಟ್ ಎ (ಮಾಲಿನ ವಿವರ) ತುಂಬುವಾಗ ಇದನ್ನು ಹಾಕಿದರೆ ಮಾತ್ರ ನೀವು ಪಾರ್ಟ್ ಬಿಯಲ್ಲಿ ಗಾಡಿ ನಂಬರು ಹಾಕಬಹುದು. ಜಿಎಸ್‌ಟಿ ಇದ್ದವರಿಗೆ ಇದು ಬೇಡ, ಜಿಎಸ್‌ಟಿ ನಂಬರೇ ಟ್ರಾನ್ಸ್‌ಪೋರ್ಟರ್ ಐಡಿ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಈಗಿನ ರೇಟಿನಲ್ಲಿ ರಾಶಿ ಇಡಿ ಅಡಿಕೆ ಎರಡು ಮೂಟೆ ಹಾಕಿದರೂ ಅಷ್ಟಾಗುತ್ತದೆ.

ಗಾಡಿ ನಂಬರು ಹಾಕುವಾಗ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಹಳೇ ಗಾಡಿಯ ಬೋರ್ಡಿನಲ್ಲಿ ಕೆಎ 14 ಎ 123 ಎಂದಿದ್ದರೆ ಹಾಗೇ ಹೊಡೆಯುತ್ತಾರೆ. ಕೊನೆಯ ಭಾಗ ನಾಲ್ಕು ಅಂಕಿ ಇರಲೇಬೇಕು, 0123 ಎಂದು ಸೊನ್ನೆ ಸೇರಿಸಿ, ನಡುವೆ ಜಾಗ ಬಿಡದೆ ಹೊಡೆಯಬೇಕು. ನಂಬರನ್ನು ವಾಹನ್ ದಾಖಲೆಯ ಜೊತೆ ಹೋಲಿಸುತ್ತಾರೆ. ಅಲ್ಲಿ ಸಿಗದಿದ್ದರೆ ಎಚ್ಚರಿಕೆ ಬರುತ್ತದೆ, ಅದನ್ನು ನೋಡಿಯೂ ನೋಡದಂತೆ ಓಕೆ ಒತ್ತಬೇಡಿ.

ಜಿಎಸ್‌ಟಿ ಬೇಕೇ ಆದವರಿಗೆ ತೊಂದರೆ ಕೊಡುವುದು ಆಫೀಸಿನ ವಿಳಾಸ. ಕಟ್ಟಡ ಅಣ್ಣತಮ್ಮಂದಿರ ಜಂಟಿ, ಮೆಸ್ಕಾಂ ಬಿಲ್ ತೀರಿಹೋದ ಅಜ್ಜನ ಹೆಸರಲ್ಲಿ. ಆಗ ಈಗಿನ ಖಾತೆದಾರರ ಒಪ್ಪಿಗೆ ಪತ್ರ, ಪಂಚಾಯ್ತಿ ಜಾಗವಾದರೆ ಇ-ಸ್ವತ್ತು, ಜೊತೆಗೆ ಕರೆಂಟ್ ಬಿಲ್ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಹಾಕುತ್ತೇನೆ. ಅರ್ಧ ಅರ್ಜಿ ತುಂಬಿ ಬಿಟ್ಟರೆ, ಶುರುವಿನಲ್ಲಿ ಸಿಕ್ಕ ತಾತ್ಕಾಲಿಕ ನಂಬರು 15 ದಿನಕ್ಕೆ ಸಾಯುತ್ತದೆ. ಅಧಿಕಾರಿ ಸ್ಪಷ್ಟನೆ ಕೇಳಿದರೆ ಉತ್ತರಕ್ಕೆ ಇರುವುದು 7 ಕೆಲಸದ ದಿನ. ಆ ನೋಟಿಸ್ ಬರುವುದು ಮೇಲ್‌ಗೆ, ಮೇಲ್ ನೋಡುವ ಅಭ್ಯಾಸ ಯಾರಿಗಿದೆ? ಅದಕ್ಕೇ ದಿನಕ್ಕೊಮ್ಮೆ ಪೋರ್ಟಲ್ ಒಳಗೇ ಹೋಗಿ ನೋಡುವುದು.

ಜಿಎಸ್‌ಟಿ ಅರ್ಜಿ ಹಾಕಿದ ಕೆಲವರಿಗೆ ಆಧಾರ್ ಓಟಿಪಿ ಲಿಂಕ್ ಬದಲು ಬಯೋಮೆಟ್ರಿಕ್‌ಗೆ ಬನ್ನಿ ಎಂದು ಬರುತ್ತದೆ. ಅಡಿಕೆ ಸುಲಿದು ಬೆರಳಿನ ಗೆರೆ ಸವೆದವರು, ಚೊಗರು (ಅಡಿಕೆಯ ರಸ) ಹತ್ತಿ ಕಪ್ಪಾದವರು ಯಂತ್ರದ ಮುಂದೆ ಹತ್ತು ಸಲ ಒತ್ತಿದರೂ ಆಗುವುದಿಲ್ಲ. ಸುಗ್ಗಿಯಲ್ಲಿ ದಿನ ಗೊತ್ತು ಮಾಡಿಕೊಳ್ಳಬೇಡಿ. ಆಗಲೇಬೇಕೆಂದರೆ ಮೂರು ನಾಲ್ಕು ದಿನ ಸುಲಿಯುವುದು ಬಿಟ್ಟು, ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒಣಗಿಸಿಕೊಂಡು ಹೋಗಲಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಉಂಗುರದ ಬೆರಳು ಹಲವರಿಗೆ ಚೆನ್ನಾಗಿ ಬರುತ್ತದೆ.

ಪ್ರೈವೇಟ್ ಲಿಮಿಟೆಡ್ ಅಥವಾ ಎಲ್‌ಎಲ್‌ಪಿ ಆದರೆ ಜಿಎಸ್‌ಟಿ ಅರ್ಜಿಗೆ ಡಿಎಸ್‌ಸಿ (ಡಿಜಿಟಲ್ ಸಹಿ) ಕಡ್ಡಾಯ. ಕ್ಲಾಸ್ 3 ಟೋಕನ್ (ಆ ಸಹಿ ಇರುವ ಯುಎಸ್‌ಬಿ ಕಡ್ಡಿ) ತೆಗೆದುಕೊಳ್ಳಬೇಕು. ಟೋಕನ್ ಸಿಕ್ಕಿಸಿದರೂ ಸೈನ್ ಆಗದಿದ್ದರೆ ಹೆಚ್ಚಾಗಿ ಎಮ್‌ಸೈನರ್ (ಸಹಿ ಹಾಕಿಸುವ ಸಾಫ್ಟ್‌ವೇರ್) ಓಡುತ್ತಿರುವುದಿಲ್ಲ, ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪಾಸ್‌ವರ್ಡ್ ಊಹಿಸಿ ಹೊಡೆಯುತ್ತಾ ಹೋದರೆ ಟೋಕನ್ ಲಾಕ್ ಆಗುತ್ತದೆ. ಒಂಟಿ ಮಾಲೀಕರು, ಪಾಲುದಾರರಿಗೆ ಓಟಿಪಿಯಲ್ಲೇ ಮುಗಿಯುತ್ತದೆ. ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದರಲ್ಲಿ ಕೇಳುವ ರಸ್ತೆ ಸರಕು ಸಾಗಣೆಯ ಕೋಡ್ 49231. ದುಡ್ಡು ಕೇಳುವ ಪೇಜು ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿ.

ವಾಹನ್‌ನಲ್ಲಿ ಮೊದಲ ಕೆಲಸ ಪ್ರತಿ ಗಾಡಿಗೂ ಮೊಬೈಲ್ ನಂಬರು ಬದಲಿಸುವುದು. ಇದಕ್ಕೆ ಪೂರ್ತಿ ಚಾಸಿ ನಂಬರು, ಇಂಜಿನ್ ನಂಬರು, ನೋಂದಣಿ ತಾರೀಕು, ಎಫ್‌ಸಿ (ಫಿಟ್‌ನೆಸ್ ಪತ್ರ) ಎಲ್ಲಿವರೆಗೆ ಇದೆ ಎಂಬುದು ಬೇಕಾದ್ದರಿಂದ ಆರ್‌ಸಿ ಕೈಯಲ್ಲಿರಲಿ. ನ್ಯಾಷನಲ್ ಪರ್ಮಿಟ್ ವರ್ಷಕ್ಕೊಮ್ಮೆ ನವೀಕರಿಸುವಾಗ ಕನ್ಸಾಲಿಡೇಟೆಡ್ ಶುಲ್ಕವೇ 16,500 ರೂಪಾಯಿ. ದುಡ್ಡು ಕಡಿತವಾಗಿ ರಸೀದಿ ಬರದಿದ್ದರೆ ಮತ್ತೆ ಕಟ್ಟಬೇಡಿ, ‘ಚೆಕ್ ಪೆಂಡಿಂಗ್ ಟ್ರಾನ್ಸಾಕ್ಷನ್’ ಒತ್ತಿ ನೋಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮೂರುಗಳಲ್ಲಿ ಹದಿನಾರು ಸಾವಿರ ಎರಡು ಸಲ ಹೋದರೆ ವಾಪಸು ತರುವುದು ಸುಲಭವಲ್ಲ. ಬುಕಿಂಗ್ ಆಫೀಸು ಇಟ್ಟವರು 2007ರ ರಸ್ತೆ ಸಾಗಣೆ ಕಾಯ್ದೆಯಡಿ ಕಾಮನ್ ಕ್ಯಾರಿಯರ್ (ಹಲವರ ಮಾಲು ಸಾಗಿಸುವವರು) ನೋಂದಣಿಯನ್ನೂ ಮಾಡಿಸಬೇಕು. ಅದು 10 ವರ್ಷ ನಡೆಯುತ್ತದೆ, ಆದ್ದರಿಂದಲೇ ಎಲ್ಲರೂ ಮರೆಯುತ್ತಾರೆ.

ಇ-ವೇ ಬಿಲ್ ಲಾಗಿನ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲ ಜಿಎಸ್‌ಟಿದಾರರಿಗೂ ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಓಟಿಪಿ) ಬಂದಿದೆ. ಸಾಗರ ಬ್ರಾಂಚಿನ ಹುಡುಗನಿಗೆ ಮುಖ್ಯ ಪಾಸ್‌ವರ್ಡ್ ಕೊಡಬೇಡಿ, ಸಬ್ ಯೂಸರ್ ಮಾಡಿ ಅವನದೇ ಮೊಬೈಲ್ ಹಾಕಿ, ಗಾಡಿ ನಂಬರು ಬದಲಿಸುವ ಅಧಿಕಾರ ಮಾತ್ರ ಕೊಡಿ. ಹೊಸನಗರದ ಆಚೆ ಮೆಸೇಜೇ ಬಾರದ ಜಾಗಗಳಲ್ಲಿ ‘ಎನ್‌ಐಸಿ-ಜಿಎಸ್‌ಟಿ-ಶೀಲ್ಡ್’ ಆ್ಯಪ್ ಕೆಲಸಕ್ಕೆ ಬರುತ್ತದೆ. ಇ-ವೇ ಬಿಲ್ ಪೋರ್ಟಲ್‌ನಿಂದಲೇ ಇಳಿಸಿಕೊಂಡು ಒಮ್ಮೆ ನೋಂದಾಯಿಸಿದರೆ ಸಿಗ್ನಲ್ ಇಲ್ಲದೆಯೂ 30 ಸೆಕೆಂಡಿಗೊಂದು ಓಟಿಪಿ ತೋರಿಸುತ್ತದೆ. ಫೋನಿನ ಗಡಿಯಾರ ಆಟೋಮ್ಯಾಟಿಕ್‌ನಲ್ಲಿರಬೇಕು, ಒಂದೆರಡು ನಿಮಿಷ ಹಿಂದೆ ಮುಂದೆ ಇದ್ದರೆ ಆ ಓಟಿಪಿ ನಡೆಯುವುದಿಲ್ಲ.

ಖಾತೆ ಸಿದ್ಧವಾದ ಮೇಲೆ ರೈಟರ್‌ಗೆ ಕಲಿಸಲೇಬೇಕಾದದ್ದು ದೂರದ ಲೆಕ್ಕ. ಇ-ವೇ ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ, ಮೇಲೆ ಒಂದು ಕಿಲೋಮೀಟರ್ ಆದರೂ ಎರಡು ದಿನ. ಪಿನ್‌ಕೋಡ್ ಹಾಕಿದಾಗ ಪೋರ್ಟಲ್ 195 ತೋರಿಸಿತು ಎನ್ನಿ. ಅದರ ಮೇಲೆ ಶೇಕಡ 10ರವರೆಗೆ ಹೆಚ್ಚಿಸಲು ಬಿಡುತ್ತದೆ. ಮಳೆಗೆ ಆಗುಂಬೆ ಘಾಟಿಯಲ್ಲಿ ಭಾರಿ ಗಾಡಿ ಬಿಡದೆ ಹುಲಿಕಲ್ ಕಡೆ ಸುತ್ತಿ ಇಳಿಯಬೇಕಾದರೆ ನಿಜವಾಗಿ ಓಡುವ ದೂರವನ್ನೇ ಹಾಕಿ. 205 ಹಾಕಿದರೂ ಒಂದು ದಿನ ಹೆಚ್ಚು ಸಿಗುತ್ತದೆ. ಅವಧಿ ಮುಗಿಯುವುದು ಯಾವಾಗಲೂ ನಡುರಾತ್ರಿ 12ಕ್ಕೆ. ವಿಸ್ತರಣೆಗೆ ಅವಕಾಶ ಅದರ 8 ಗಂಟೆ ಮೊದಲು, 8 ಗಂಟೆ ಆಮೇಲೆ, ಅಂದರೆ ಸಂಜೆ 4ರಿಂದ ಬೆಳಿಗ್ಗೆ 8. ಮರ ಬಿದ್ದು ಗಾಡಿ ಮಾಸ್ತಿಕಟ್ಟೆಯಲ್ಲಿ ನಿಂತಿದ್ದರೆ ಡ್ರೈವರ್ ಸಂಜೆ 4ಕ್ಕೇ ಆಫೀಸಿಗೆ ಫೋನ್ ಮಾಡಿ ಜಾಗದ ಪಿನ್‌ಕೋಡ್ ಹೇಳಲಿ. ಬೆಳಿಗ್ಗೆ 9ಕ್ಕೆ ಆಫೀಸಿನ ಬಾಗಿಲು ತೆಗೆದು ಲಾಗಿನ್ ಆದರೆ ಆ ಬಟನ್ ಇರುವುದಿಲ್ಲ.