ಗಡಿನಾಡಿನ ಪುಟಗಳಲ್ಲಿ ತಕರಾರು ಎದ್ದಾಗ: ವಿಕಿಪೀಡಿಯ ಸಂಪಾದಕರಿಗೊಂದು ಕೈಪಿಡಿ

ನೀವು ಬರೆದದ್ದನ್ನು ಯಾರೋ ಅಳಿಸಿದ್ದಾರೆ. ಮೊದಲು ಮಾಡಬೇಕಾದದ್ದು ಏನೂ ಮಾಡದಿರುವುದು. ಅಳಿಸಿದ್ದನ್ನು ಕೂಡಲೇ ಹಿಂದಕ್ಕೆ ತಂದರೆ ಅವರೂ ಅದನ್ನೇ ಮಾಡುತ್ತಾರೆ, ಅಲ್ಲಿಗೆ ವಿಷಯ ಹೋಗಿ ಹಠ ಉಳಿಯುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇನ್ನೊಬ್ಬರ ಬದಲಾವಣೆಯನ್ನು ತಿರುಗಿಸಿದರೆ (ರದ್ದು ಮಾಡಿದರೆ) ಖಾತೆಗೆ ತಡೆ ಬೀಳಬಹುದು. ಹಾಗೆಂದು ದಿನಕ್ಕೆ ಮೂರು ಸಲದ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು; 25ನೇ ಗಂಟೆಗೆ ನಾಲ್ಕನೆಯದನ್ನು ಮಾಡಿದರೂ ಅದು ಸಂಪಾದನಾ ಯುದ್ಧವೇ. ಕನ್ನಡ ವಿಕಿಪೀಡಿಯದಂಥ ಸಣ್ಣ ಸಮುದಾಯದಲ್ಲಿ ಒಮ್ಮೆ ತಿರುಗಿಸಿದ ಮೇಲೆ ಚರ್ಚೆಪುಟಕ್ಕೆ, ಅಂದರೆ ಲೇಖನದ ಜೊತೆಗೇ ಇರುವ ಸಂಪಾದಕರ ಮಾತುಕತೆಯ ಪುಟಕ್ಕೆ, ಹೋಗುವುದೇ ಸರಿಯಾದ ಲೆಕ್ಕ.

ಪುಟದ ಇತಿಹಾಸ ತೆರೆಯಿರಿ. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ನೋಡಿ, ಬದಲಾಯಿಸಿದವರು ಜೊತೆಗೆ ಬರೆದಿರುವ ಸಾರಾಂಶ ಓದಿ. ಇಡೀ ಪುಟ ಖಾಲಿ ಮಾಡಿದ್ದರೆ, ಬೈಗುಳ ತುಂಬಿದ್ದರೆ ಅದು ಕಿಡಿಗೇಡಿತನ. ಸದ್ದಿಲ್ಲದೆ ಸರಿಪಡಿಸಿ ಮುಂದೆ ಹೋಗಿ. ಕಾಸರಗೋಡಿನ ಊರೊಂದರ ಪುಟದಲ್ಲಿ ‘ಮಂಜೇಶ್ವರ’ ಇದ್ದಲ್ಲಿ ‘ಮಂಜೇಶ್ವರಂ’ ಎಂದು ಬರೆದವರು ಕಿಡಿಗೇಡಿಯಲ್ಲ. ಅವರು ಕೇರಳ ಸರಕಾರದ ದಾಖಲೆಯನ್ನೋ ಬಸ್ಸಿನ ಬೋರ್ಡನ್ನೋ ನೋಡಿ ಬರೆದಿರಬಹುದು. ಅವರ ಮೇಲೆ ‘ವಿಧ್ವಂಸಕ’ ಎಂಬ ಹಣೆಪಟ್ಟಿ ಹಚ್ಚಿದ ಮರುಗಳಿಗೆಯಿಂದ ಮಾತುಕತೆ ನಡೆಯುವುದಿಲ್ಲ.

ಬದುಕಿರುವ ವ್ಯಕ್ತಿಗಳ ಪುಟಕ್ಕೆ ಈ ತಾಳ್ಮೆ ಅನ್ವಯಿಸುವುದಿಲ್ಲ. ಸ್ಥಳೀಯ ರಾಜಕಾರಣಿಯ ಮೇಲೆ ಆಧಾರವಿಲ್ಲದ ಆರೋಪ ಕಂಡರೆ ಮೊದಲು ತೆಗೆಯಿರಿ, ಮಾತು ಆಮೇಲೆ.

ಚರ್ಚೆಪುಟದಲ್ಲಿ ಬರೆಯುವ ಕ್ರಮ

ತಲೆಬರಹದಲ್ಲೇ ಅರ್ಧ ಜಗಳ ಹುಟ್ಟುತ್ತದೆ. ‘ಮಲಯಾಳೀಕರಣ ನಿಲ್ಲಿಸಿ’ ಎಂದು ಹಾಕಿದರೆ ಓದುವವರು ಉತ್ತರಿಸುವ ಮೊದಲೇ ಪಕ್ಷ ಹಿಡಿದಿರುತ್ತಾರೆ. ‘ಮೊದಲ ಸಾಲಿನಲ್ಲಿ ಊರಿನ ಹೆಸರು’ ಎಂದರೆ ಸಾಕು. ಅದರ ಕೆಳಗೆ ಬೇಕಾದದ್ದು ನಾಲ್ಕೇ: ಯಾವ ವಾಕ್ಯದ ಬಗ್ಗೆ ತಕರಾರು, ಆ ಬದಲಾವಣೆಯ ಕೊಂಡಿ, ನಿಮ್ಮ ಆಧಾರ ಪುಟಸಂಖ್ಯೆಯ ಸಮೇತ, ಮತ್ತು ನೀವು ಸೂಚಿಸುವ ಹೊಸ ವಾಕ್ಯ. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ‘ಇದು ತಪ್ಪು’ ಎಂದಷ್ಟೇ ಹೇಳಿದರೆ ಎದುರಿನವರಿಗೆ ಒಪ್ಪಲಿಕ್ಕೆ ಏನೂ ಇರುವುದಿಲ್ಲ. ವಾಕ್ಯ ಕೊಟ್ಟರೆ ಒಂದು ಪದ ತಿದ್ದಿ ಒಪ್ಪಬಹುದು.

ಹೀಗೆ ಬರೆಯಬಹುದು:

‘ನಮಸ್ಕಾರ. ಮೂರನೇ ಸಾಲಿನ “ಕಾಸರಗೋಡು ಜಿಲ್ಲೆ 1956ರಲ್ಲಿ ಕೇರಳಕ್ಕೆ ಸೇರಿತು” ಎಂಬುದನ್ನು ನೀವು ಮತ್ತೆ ಹಾಕಿದ್ದೀರಿ. ಆಗ ಸೇರಿದ್ದು ತಾಲೂಕು, ಜಿಲ್ಲೆಯಾದದ್ದು 1984ರಲ್ಲಿ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 5ನೇ ಸೆಕ್ಷನ್ ನೋಡಬಹುದು. “ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು” ಎಂದು ಬದಲಿಸಬಹುದೇ? ನಿಮ್ಮಲ್ಲಿ ಬೇರೆ ಆಧಾರವಿದ್ದರೆ ದಯವಿಟ್ಟು ಇಲ್ಲಿ ಹಾಕಿ.’

ಕೊನೆಯಲ್ಲಿ ನಾಲ್ಕು ಟಿಲ್ಡೆ (~~~~) ಒತ್ತಿ ಸಹಿ ಮಾಡಿ, ಎದುರಿನವರ ಸದಸ್ಯಪುಟದ ಕೊಂಡಿ ಸೇರಿಸಿ. ಇಲ್ಲೊಂದು ತಾಂತ್ರಿಕ ಸಂಗತಿ ಗೊತ್ತಿರಬೇಕು: ಹೆಸರಿನ ಕೊಂಡಿ ಮತ್ತು ಸಹಿ ಒಂದೇ ಬಾರಿಗೆ ಉಳಿಸಿದರೆ ಮಾತ್ರ ಅವರಿಗೆ ಸೂಚನೆ ಹೋಗುತ್ತದೆ. ಸಹಿ ಹಾಕಿ ಪ್ರಕಟಿಸಿದ ಮೇಲೆ ಹೆಸರು ಸೇರಿಸಿದರೆ ಹೋಗದು. ‘ಕರೆದರೂ ಬರಲಿಲ್ಲ’ ಎಂಬ ದೂರುಗಳಲ್ಲಿ ಕೆಲವು ಹೀಗೆ ಹುಟ್ಟಿದವು. ಸಂದೇಹವಿದ್ದರೆ ಅವರ ಚರ್ಚೆಪುಟದಲ್ಲಿ ಒಂದು ಸಾಲು ಬರೆಯಿರಿ.

ಕನ್ನಡದಲ್ಲಿ ಜಗಳ ಕೈಮೀರುವುದು ಹೆಚ್ಚಾಗಿ ಏಕವಚನದಿಂದ. ಒಬ್ಬರು ‘ನೀನು’ ಎಂದ ಮೇಲೆ ಆಧಾರ ಗ್ರಂಥಗಳನ್ನು ಯಾರೂ ತೆರೆಯುವುದಿಲ್ಲ. ಎದುರಿನವರು ಇಳಿದರೂ ನೀವು ‘ನೀವು’ ಬಿಡಬೇಡಿ. ಹಾಗೆಯೇ ಸದಸ್ಯನಾಮ ನೋಡಿ ಮನೆಮಾತು, ಜಾತಿ, ಪಕ್ಷ ಊಹಿಸಬೇಡಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಪೇಟೆಯಲ್ಲಿ ಕೇಳಿಬರುವ ಊರುಗಳಲ್ಲಿ ಆ ಊಹೆ ತಪ್ಪುವುದೇ ಹೆಚ್ಚು.

ಉತ್ತರಕ್ಕೆ ಒಂದು ವಾರ ಕಾಯಿರಿ. ಬಾರದಿದ್ದರೆ ‘ಚರ್ಚೆಪುಟ ನೋಡಿ’ ಎಂಬ ಸಾರಾಂಶದೊಂದಿಗೆ ಸೂಚಿಸಿದ ವಾಕ್ಯ ಹಾಕಿ.

ತಕರಾರು ಯಾವುದು, ಆಧಾರ ಯಾವುದು

ಗಡಿನಾಡಿನ ಜಗಳಗಳಲ್ಲಿ ಬಹುಪಾಲು ‘ಈ ಊರು ಯಾರದು’ ಎಂದು ಶುರುವಾಗುತ್ತವೆ. ಆ ಪ್ರಶ್ನೆಗೆ ವಿಶ್ವಕೋಶ ಉತ್ತರ ಕೊಡಲಾರದು. ‘ಈ ವಾಕ್ಯವನ್ನು ಯಾವ ಆಧಾರ ಹೇಳುತ್ತದೆ’ ಎಂಬ ಪ್ರಶ್ನೆಗೆ ಕೊಡಬಲ್ಲದು. ಜಗಳವನ್ನು ಮೊದಲನೆಯದರಿಂದ ಎರಡನೆಯದಕ್ಕೆ ಎಳೆದು ತರುವುದೇ ಬಿಡಿಸುವವರ ಕೆಲಸ.

1956ರ ವಿಷಯವನ್ನೇ ತೆಗೆದುಕೊಳ್ಳಿ. ‘ಕರ್ನಾಟಕದಿಂದ ಕಿತ್ತು ಕೇರಳಕ್ಕೆ ಕೊಟ್ಟರು’ ಎಂದು ಬರೆಯುವವರಿದ್ದಾರೆ. ಕಾಸರಗೋಡು ಅದಕ್ಕೆ ಮುಂಚೆ ಇದ್ದದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ; ಕರ್ನಾಟಕ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರಲ್ಲಿ. ಇನ್ನೊಂದು ಕಡೆಯವರು ಗಡಿ ವಿವಾದಕ್ಕೆಂದು ರಚಿಸಿದ ಮಹಾಜನ ಆಯೋಗದ ಹೆಸರನ್ನೇ ಪುಟದಿಂದ ಅಳಿಸುತ್ತಾರೆ. ಅದೂ ನಡೆಯದು. 1966ರಲ್ಲಿ ನೇಮಕವಾದ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು, ಶಿಫಾರಸು ಜಾರಿಯಾಗಲಿಲ್ಲ. ಈ ಎರಡೂ ಮಾತು ಒಟ್ಟಿಗೆ ಇರಬೇಕು. ಮೊದಲನೆಯದನ್ನು ಮಾತ್ರ ಇಟ್ಟರೂ ವಾಲುತ್ತದೆ, ಎರಡನ್ನೂ ತೆಗೆದರೂ ವಾಲುತ್ತದೆ. ‘ಸೇರಬೇಕಾದ ಪ್ರದೇಶ’ ಎಂಬುದು ಮಾತ್ರ ಪುಟದ ಸ್ವಂತ ದನಿಯಲ್ಲಿ ಬರಕೂಡದು; ಯಾರು ಹಾಗೆ ಹೇಳಿದರೋ ಅವರ ಹೆಸರಿನಲ್ಲಿ ಬರಲಿ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಪುಟಗಳಿಗೂ ಇದೇ ಅಳತೆ. ಅವುಗಳನ್ನೂ ಅದೇ ವರದಿ ಮೈಸೂರಿಗೆ ಸೂಚಿಸಿತ್ತು, ಅವು ಇಂದಿಗೂ ಮಹಾರಾಷ್ಟ್ರದಲ್ಲಿವೆ.

ಭಾಷಿಕರ ಸಂಖ್ಯೆಯಲ್ಲಿ ಆಗುವ ಎಡವಟ್ಟು ಬೇರೆ ಬಗೆಯದು. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಮಾತೃಭಾಷೆಯ ಕೋಷ್ಟಕದಲ್ಲಿ ತುಳುವಿಗೆ ಬೇರೆಯೇ ಸಾಲಿದೆ. ತುಳುವರು ಕನ್ನಡ ಶಾಲೆಗೆ ಹೋಗುತ್ತಾರೆಂದು ಎರಡನ್ನೂ ಕೂಡಿ ‘ಕನ್ನಡಿಗರು’ ಎಂದು ಬರೆದರೆ ಅದು ಸ್ವಂತ ಸಂಶೋಧನೆ, ಅಂದರೆ ಯಾವ ಆಧಾರವೂ ಹೇಳದ ನಮ್ಮದೇ ತೀರ್ಮಾನ. ಹಾಗೆ ಕೂಡಿಸಿದ ಪ್ರಕಟಿತ ಲೇಖನವಿದ್ದರೆ ಲೇಖಕರ ಹೆಸರು ಹೇಳಿ ಬರೆಯಿರಿ. ಇಸವಿ ಇಲ್ಲದ ಶೇಕಡಾವಾರು ಕಂಡಲ್ಲಿ ಆಧಾರ ಕೇಳಿ. ಜಿಲ್ಲೆಯ ಅಂಕಿಯನ್ನು ತಾಲೂಕಿಗೆ ಅಂಟಿಸಿರುವುದೂ ಉಂಟು. ಮಂಜೇಶ್ವರ ಬೇರೆ ತಾಲೂಕಾದದ್ದೇ 2011ರ ಗಣತಿಯ ಆನಂತರ ಎಂಬುದು ನೆನಪಿರಲಿ.

ಊರಿನ ಹೆಸರಿನ ತಕರಾರು ಸುಲಭ. ಕನ್ನಡ ವಿಕಿಪೀಡಿಯದ ಶೀರ್ಷಿಕೆ ಕನ್ನಡ ಬರಹಗಳಲ್ಲಿ ರೂಢಿಯಾದ ಹೆಸರು: ಕುಂಬಳೆ, ಮಂಜೇಶ್ವರ, ಕಾಸರಗೋಡು. ಮಲಯಾಳ ಮತ್ತು ತುಳು ರೂಪಗಳು ಮೊದಲ ವಾಕ್ಯದಲ್ಲಿ ಬರಲಿ, ಉಳಿದ ಕಾಗುಣಿತಗಳಿಗೆ ಪುನರ್ನಿರ್ದೇಶನ ಪುಟ (ಓದುಗರನ್ನು ಮುಖ್ಯ ಪುಟಕ್ಕೆ ಕಳಿಸುವ ಪುಟ) ಮಾಡಿ. ಶೀರ್ಷಿಕೆ ಬದಲಿಸುವಾಗ ‘ಸ್ಥಳಾಂತರ’ ಸೌಲಭ್ಯವನ್ನೇ ಬಳಸಿ. ಬರಹವನ್ನು ನಕಲು ಮಾಡಿ ಹೊಸ ಪುಟಕ್ಕೆ ಅಂಟಿಸಿದರೆ ಇತಿಹಾಸ ಹಳೆಯ ಪುಟದಲ್ಲೇ ಉಳಿದು, ಯಾರು ಏನು ಬರೆದರೆಂಬ ದಾಖಲೆ ತುಂಡಾಗುತ್ತದೆ. ವಿಕಿಪೀಡಿಯದ ಬರಹಗಳನ್ನು ಹಂಚುವ ಪರವಾನಗಿ ಕೇಳುವುದು ಆ ದಾಖಲೆಯನ್ನೇ. ಅದನ್ನು ಮತ್ತೆ ಜೋಡಿಸಲು ನಿರ್ವಾಹಕರೇ (ಹೆಚ್ಚಿನ ಅಧಿಕಾರವುಳ್ಳ ಸಂಪಾದಕರು) ಬರಬೇಕು.

ಕೋಟೆ, ದೇವಸ್ಥಾನಗಳ ಪುಟದಲ್ಲಿ ಎರಡು ಹೇಳಿಕೆ ಎದುರಾದರೆ ಒಂದನ್ನು ಗೆಲ್ಲಿಸಬೇಕಿಲ್ಲ. ಬೇಕಲ ಕೋಟೆಯನ್ನು ಸಾಮಾನ್ಯವಾಗಿ ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುತ್ತಾರೆ. ಅದಕ್ಕೂ ಮೊದಲು ಉತ್ತರ ಮಲಬಾರಿನ ಅರಸರಾದ ಕೋಲತ್ತಿರಿಗಳ ಕಾಲದಲ್ಲೇ ಅಲ್ಲಿ ಕೋಟೆಯಿತ್ತು, ನಾಯಕರು ಬಲಪಡಿಸಿದರು ಎನ್ನುವವರೂ ಇದ್ದಾರೆ. ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ಹೆಚ್ಚಿನ ಇತಿಹಾಸಕಾರರು ಹೇಳುವುದು ಮೊದಲು, ಉದ್ದವಾಗಿ. ಇನ್ನೊಂದು ಆಮೇಲೆ, ಒಂದೆರಡು ಸಾಲಿನಲ್ಲಿ. ಸಮತೋಲ ಎಂದರೆ ಅರ್ಧರ್ಧ ಹಂಚುವುದಲ್ಲ.

ನಂಬಿಕೆಯನ್ನು ನಂಬಿಕೆಯೆಂದೇ ಬರೆದರೆ ಯಾರಿಗೂ ನೋವಿಲ್ಲ. ಕುಂಬಳೆ ಸಮೀಪದ ಅನಂತಪುರದ ಸರೋವರ ಕ್ಷೇತ್ರ ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಎಂಬುದು ‘ಎಂದು ಭಕ್ತರು ನಂಬುತ್ತಾರೆ’ ಎಂದು ಮುಗಿಯಬೇಕು. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು ಎಂಬುದು ಪತ್ರಿಕೆಗಳಲ್ಲಿ ವರದಿಯಾದ ಸಂಗತಿ. ಅದು ಸಸ್ಯಾಹಾರಿಯಾಗಿತ್ತು ಎಂಬುದು ಹೇಳಿದವರ ಮಾತು. ಒಂದೇ ಪ್ಯಾರಾದಲ್ಲಿ ಮೂರು ಬಗೆಯ ವಾಕ್ಯ! ‘ಮೂಢನಂಬಿಕೆ’ ಎಂದು ಸೇರಿಸುವ ಉತ್ಸಾಹಿಗಳಿಗೂ ಆಧಾರದ ನಿಯಮ ಒಂದೇ.

ಇಬ್ಬರಿಂದ ಮುಗಿಯದಿದ್ದರೆ

ಇಬ್ಬರೂ ತಲಾ ಎರಡು ಮೂರು ಬಾರಿ ಬರೆದಾಯಿತು, ಹೊಸ ಆಧಾರ ಬರುತ್ತಿಲ್ಲ. ಆಗ ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟದಲ್ಲಿ, ತಿಳಿಸಿ. ಅಲ್ಲಿ ವಾದ ಬೇಡ. ‘ಬೇಕಲ ಕೋಟೆಯ ಚರ್ಚೆಪುಟದಲ್ಲಿ ನಿರ್ಮಾಣದ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಿವೆ, ಅಲ್ಲಿಗೆ ಬಂದು ಹೇಳಿ’ ಎಂದಷ್ಟೇ. ಆ ಪುಟವನ್ನು ಮುಟ್ಟದ ಅನುಭವಿಯೊಬ್ಬರನ್ನು ಮೂರನೆಯವರಾಗಿ ಕರೆಯುವುದೂ ಒಳ್ಳೆಯದೇ. ಕಾಸರಗೋಡಿನ ಗಡಿ ತಕರಾರಿಗೆ ಬೆಳಗಾವಿಯವರಿಗಿಂತ ಶಿವಮೊಗ್ಗದವರು ವಾಸಿ: ಬೆಳಗಾವಿಯವರು ಅರ್ಧ ದಾರಿಯಲ್ಲಿ ತಮ್ಮ ಗಡಿಗೆ ಹೊರಳುತ್ತಾರೆ.

ವಾಟ್ಸ್‌ಆ್ಯಪ್ ಬಳಗದಲ್ಲಿ ‘ಎಲ್ಲರೂ ಬಂದು ಬೆಂಬಲಿಸಿ’ ಎಂದು ಹಾಕಬೇಡಿ. ಒಮ್ಮತವೆಂದರೆ ತಲೆ ಎಣಿಕೆಯಲ್ಲ. ನಿನ್ನೆ ತೆರೆದ ಹತ್ತು ಖಾತೆಗಳು ‘ನನ್ನ ಬೆಂಬಲವಿದೆ’ ಎಂದರೆ ನಿಮ್ಮ ನಿಜವಾದ ವಾದವೂ ಅನುಮಾನಕ್ಕೆ ಬೀಳುತ್ತದೆ.

ನಿರ್ವಾಹಕರ ಬಳಿ ಹೋಗುವುದು ವರ್ತನೆಯ ದೂರಿಗೆ. ವಿಷಯದ ತೀರ್ಪಿಗೆ ಅಲ್ಲ. ಅವರು ಪುಟಕ್ಕೆ ಬೀಗ ಹಾಕಬಲ್ಲರು, ಖಾತೆ ತಡೆಯಬಲ್ಲರು. ಕೋಟೆ ಕಟ್ಟಿದ್ದು ಯಾರೆಂದು ಹೇಳುವ ಅಧಿಕಾರ ಅವರಿಗೂ ಇಲ್ಲ. ದೂರಿನಲ್ಲಿ ಕಥೆ ಬೇಡ, ಮೂರು ನಾಲ್ಕು ಬದಲಾವಣೆಗಳ ಕೊಂಡಿ ದಿನಾಂಕದೊಂದಿಗೆ ಕೊಡಿ. ಬೀಗ ಬಿದ್ದಾಗ ಪುಟದಲ್ಲಿ ಉಳಿಯುವುದು ಯಾವಾಗಲೂ ‘ತಪ್ಪು ಆವೃತ್ತಿ’ ಎಂಬುದು ವಿಕಿಪೀಡಿಯನ್ನರ ಹಳೆಯ ತಮಾಷೆ. ಎರಡೂ ಕಡೆಯವರು ಹಾಗೆಯೇ ಹೇಳುತ್ತಾರೆ. ಒಬ್ಬರೇ ಹಲವು ಖಾತೆಗಳಿಂದ ಬರುತ್ತಿದ್ದಾರೆಂಬ ಬಲವಾದ ಗುಮಾನಿಯಿದ್ದರೆ, ಅದನ್ನು ಪರಿಶೀಲಿಸುವವರು ಸ್ಥಳೀಯವಾಗಿ ಇಲ್ಲದ ವಿಕಿಗಳಿಗೆ ಎಲ್ಲ ವಿಕಿಗಳಿಗೂ ಸಾಮಾನ್ಯವಾದ ಮೆಟಾ ವಿಕಿಯಲ್ಲಿ ಸ್ಟೀವರ್ಡ್‌ಗಳಿಗೆ (ಎಲ್ಲ ವಿಕಿಗಳಲ್ಲೂ ಅಧಿಕಾರವುಳ್ಳವರಿಗೆ) ಮನವಿ ಸಲ್ಲಿಸಬಹುದು.

ಒಪ್ಪಿಗೆಯಾದ ವಾಕ್ಯವನ್ನು ಚರ್ಚೆಪುಟದ ಕೊನೆಯಲ್ಲಿ ದಿನಾಂಕದೊಂದಿಗೆ ಪೂರ್ತಿಯಾಗಿ ಬರೆದಿಡಿ. ಲೇಖನದ ಆ ಸಾಲಿನ ಪಕ್ಕ, ಓದುಗರಿಗೆ ಕಾಣದ ಟಿಪ್ಪಣಿಯಾಗಿ ‘ಬದಲಿಸುವ ಮೊದಲು ಚರ್ಚೆಪುಟ ನೋಡಿ’ ಎಂದು ಸೇರಿಸಿ. ಪತ್ರಿಕೆಗಳ ಮತ್ತು ಸರಕಾರಿ ತಾಣಗಳ ಕೊಂಡಿಗಳು ಬೇಗ ಸಾಯುತ್ತವೆ. ಅಂದೇ ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ ತಾಣದಲ್ಲಿ ಪ್ರತಿ ಉಳಿಸಿ. ಮುಂದಿನ ವರ್ಷ ಹೊಸಬರೊಬ್ಬರು ಅದೇ ಪ್ರಶ್ನೆ ಎತ್ತಿದಾಗ ತೋರಿಸಲು ಇದೇ ಇರುವುದು.

ಎರಡೂ ಕಡೆ ಆಧಾರವಿಲ್ಲದಿದ್ದರೆ ಆ ವಾಕ್ಯವನ್ನೇ ತೆಗೆಯಿರಿ. ಇಲ್ಲಿ ಆದ ತೀರ್ಮಾನವನ್ನು ಹೊತ್ತುಕೊಂಡು ಮಲಯಾಳ, ತುಳು ಅಥವಾ ಇಂಗ್ಲಿಷ್ ವಿಕಿಪೀಡಿಯಕ್ಕೆ ಹೋಗಿ ತಿದ್ದಬೇಡಿ. ಪ್ರತಿ ವಿಕಿಯ ಸಮುದಾಯ ಬೇರೆ, ಅಲ್ಲಿ ಇದು ಯಾರನ್ನೂ ಕಟ್ಟಿಹಾಕುವುದಿಲ್ಲ. ನಿಮ್ಮಲ್ಲಿರುವ ಆಧಾರವನ್ನು ಅಲ್ಲಿನ ಚರ್ಚೆಪುಟದಲ್ಲಿಟ್ಟು ಮೊದಲಿನಿಂದ ಕೇಳಿ.