ವಾರದ ಚಿಕಿತ್ಸೆಯನ್ನು ವಾರ್ಡಿಗೆ ಒಗ್ಗಿಸಿದ ಬಗೆ

ಹೊರರೋಗಿ ವಿಭಾಗದಲ್ಲಿ ಹದಿಹರೆಯದವರ ಮನೋಚಿಕಿತ್ಸೆಗೆ ಒಂದು ಲಯವಿದೆ: ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಮಾತು, ಮನೆಯಲ್ಲಿ ಮಾಡಿ ನೋಡಲು ಒಂದು ಅಭ್ಯಾಸ, ಮುಂದಿನ ವಾರ ಅದರ ವಿಚಾರಣೆ. ಕೋಲಾರದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ನಾನು ವರ್ಷಗಟ್ಟಲೆ ಹೀಗೆಯೇ ಕೆಲಸ ಮಾಡಿದ್ದೆ. ಮಾನಸಿಕ ಆರೋಗ್ಯ ವಾರ್ಡಿನಲ್ಲಿ ದಾಖಲಾದ ಮಕ್ಕಳ ತೀವ್ರ ಆರೈಕೆಗೆ ಸೇರಿದ ಮೇಲೆ ಈ ಲಯವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅವರು ಇರುವುದು ಹೆಚ್ಚೆಂದರೆ ಕೆಲವು ವಾರ. ನಿದ್ದೆ ಕೆಟ್ಟಿರುತ್ತದೆ, ಔಷಧಿಯ ಪ್ರಮಾಣ ಬದಲಾಗುತ್ತಿರುತ್ತದೆ, ಬದುಕು ಬೇಡವೆಂಬ ಯೋಚನೆ ಇನ್ನೂ ಹಸಿಯಾಗಿರುತ್ತದೆ.

ಮೊದಲು ಅವಧಿಯನ್ನು ಒಡೆದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಹತ್ತು ನಿಮಿಷ. ಬೆಳಿಗ್ಗೆ ಕಲಿತದ್ದನ್ನು ಆ ದಿನವೇ ಬಳಸಿ ನೋಡಬೇಕು. ಸಿಟ್ಟು ಮೇರೆ ಮೀರಿದಾಗ ಉಸಿರು ಹಿಡಿದು ಮುಖವನ್ನು ತಣ್ಣೀರಿನಲ್ಲಿ ಅದ್ದಿದರೆ ಎದೆಬಡಿತ ನಿಧಾನವಾಗುತ್ತದೆ. ಹೃದಯದ ತೊಂದರೆ ಇರುವವರಿಗೂ ಊಟ ಬಿಟ್ಟು ಸೊರಗಿದವರಿಗೂ ಇದನ್ನು ವೈದ್ಯರನ್ನು ಕೇಳದೆ ಹೇಳಿಕೊಡುವುದಿಲ್ಲ. ರಾತ್ರಿ ಪಾಳಿಯ ನರ್ಸ್‌ಗೂ ಅದೇ ಕೌಶಲ, ಅದೇ ಹೆಸರು ಗೊತ್ತಿರಬೇಕು. ಹುಡುಗಿ ನಡುರಾತ್ರಿ ಅಳುತ್ತಾ ಎದ್ದಾಗ ಅಲ್ಲಿರುವವರು ಅವರೇ, ನಾನಲ್ಲ.

ಏನನ್ನು ಕೆದಕಬಾರದು ಎಂಬುದನ್ನೂ ಮೊದಲೇ ತೀರ್ಮಾನಿಸುತ್ತೇನೆ. ಕೆಲವೇ ವಾರಗಳಲ್ಲಿ ಮನೆಗೆ ಹೋಗುವ ಮಗುವಿನ ಹಳೆಯ ನೋವನ್ನೆಲ್ಲ ಹೊರತೆಗೆದು, ಅರ್ಧಕ್ಕೇ ಬಿಟ್ಟು ಕಳುಹಿಸುವುದು ಅನ್ಯಾಯ. ಅದು ಹೊರರೋಗಿ ಚಿಕಿತ್ಸಕರ ಬಳಿ ನಿಧಾನವಾಗಿ ಆಗಬೇಕಾದ ಕೆಲಸ. ಲೈಂಗಿಕ ದೌರ್ಜನ್ಯದ ವಿಷಯ ಮಾತ್ರ ಬೇರೆ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಹೇಳಿಬಿಡುತ್ತೇನೆ.

ನನಗೆ ಹೆಚ್ಚು ನೆರವಾದದ್ದು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಉಕ್ಕಿ ಬರುವ ಭಾವನೆಗಳನ್ನು ನಿಭಾಯಿಸುವ ಕೌಶಲಗಳನ್ನು ಕಲಿಸುವ ಮನೋಚಿಕಿತ್ಸೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ ಈ ಪದ್ಧತಿ ವಯಸ್ಕರಿಗೆ ಸುಮಾರು ಒಂದು ವರ್ಷ ನಡೆಯುತ್ತದೆ. ಅಲ್ಲಿನವರೇ ಆದ ಮನಶ್ಶಾಸ್ತ್ರಜ್ಞರು ಜಿಲ್ ರೇಥಸ್ ಮತ್ತು ಅಲೆಕ್ ಮಿಲ್ಲರ್ ಅದನ್ನು ಹದಿಹರೆಯದವರಿಗಾಗಿ ಮೊದಲು 12 ವಾರಕ್ಕೆ ಇಳಿಸಿ, ತಂದೆತಾಯಿಯರನ್ನೂ ಗುಂಪಿನಲ್ಲಿ ಕೂರಿಸಿದರು. ನಮ್ಮಲ್ಲಿ ತಾಯಿ ಹೇಗೂ ವಾರ್ಡಿನಲ್ಲೇ ಇರುತ್ತಾಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಮಿನ ಪ್ರಕಾರ, ಅಪ್ರಾಪ್ತರು ದಾಖಲಾಗಿರುವಷ್ಟು ದಿನವೂ ಪೋಷಕರು ಅಥವಾ ಅವರು ನೇಮಿಸಿದವರು ಜೊತೆಗಿರಬೇಕು. ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ? ಹೊರರೋಗಿ ವಿಭಾಗದಲ್ಲಿ ಜಗಳದ ಸುದ್ದಿ ಆರು ದಿನ ಹಳಸಿ ಬರುತ್ತಿತ್ತು. ಇಲ್ಲಿ ಅದು ಕಣ್ಣೆದುರೇ ನಡೆಯುತ್ತದೆ.

ಗುರುತು ಸಿಗದಂತೆ ಬದಲಿಸಿ ಒಂದು ಸಂದರ್ಭ ಹೇಳುತ್ತೇನೆ. ಪಿಯುಸಿ ಓದುವ ಹುಡುಗ ಮಧ್ಯಾಹ್ನದ ಊಟ ತಳ್ಳಿ ಗೋಡೆಗೆ ಕೈ ಗುದ್ದಿಕೊಂಡ. ಸಂಜೆ ಅವನು, ಅವನ ತಾಯಿ, ನಾನು ಮೂವರೂ ಕುಳಿತು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋದೆವು. ಗುದ್ದುವ ಮುಂಚೆ ನಾಚಿಕೆ. ಅದಕ್ಕೂ ಮುಂಚೆ, ಅಮ್ಮ ಫೋನಿನಲ್ಲಿ ಚಿಕ್ಕಪ್ಪನಿಗೆ ಅವನ ಅಂಕಗಳ ಬಗ್ಗೆ ಹೇಳಿದ್ದು ಕಿವಿಗೆ ಬಿದ್ದಿತ್ತು. ಅದಕ್ಕೂ ಮುಂಚೆ, ರಾತ್ರಿ ನಿದ್ದೆಯಿಲ್ಲ. ತಾಯಿ, "ನಾನು ಕಷ್ಟ ಹೇಳಿಕೊಂಡೆನಪ್ಪಾ, ನಿನ್ನನ್ನು ಹಳಿಯಲಿಲ್ಲ" ಎಂದರು. "ನನಗೆ ಹಾಗೆ ಕೇಳಿಸಲಿಲ್ಲಮ್ಮ" ಎಂದ. ಮರುದಿನದ ಪಾಠ ಅಲ್ಲೇ ಸಿಕ್ಕಿತು: ಒಪ್ಪದಿದ್ದರೂ ಎದುರಿನವರ ನೋವನ್ನು ಗುರುತಿಸಿ ಹೇಳುವುದು. ಕಲಿಯಬೇಕಾದವರು ಇಬ್ಬರೂ.

ತಂದೆಯರನ್ನು ಹಿಡಿಯುವುದು ಕಷ್ಟ. ಟೊಮೆಟೊ ಸುಗ್ಗಿಯಲ್ಲಿ ಬೆಳಗಿನ ಜಾವವೇ ಮಂಡಿಗೆ ಹೊರಡುವವರಿಗೆ, ಎರಡು ಹೊತ್ತೂ ಡೇರಿಗೆ ಹಾಲು ಹಾಕುವವರಿಗೆ ಹನ್ನೊಂದು ಗಂಟೆಗೆ ಬನ್ನಿ ಎಂದರೆ ಆಗುವ ಮಾತಲ್ಲ. ಹಾಗಾಗಿ ಕುಟುಂಬದ ಭೇಟಿಯನ್ನು ಅವರ ಬಿಡುವಿಗೆ ಹೊಂದಿಸುತ್ತೇನೆ, ಆಗದಿದ್ದರೆ ವಿಡಿಯೊ ಕರೆ. ತಂದೆಯೊಂದಿಗೆ ತಪ್ಪದೆ ಆಡುವ ಮಾತು ಕೀಟನಾಶಕದ್ದು. ಅದು ಮನೆಯೊಳಗೆ ಇರಲೇಬಾರದು. ಸಿಂಪಡಣೆಗೆ ಬೇಕಾದಷ್ಟನ್ನೇ ತಂದು, ಅಂದೇ ಮುಗಿಸಬೇಕು.

ಬಿಡುಗಡೆಯ ಸಿದ್ಧತೆ ದಾಖಲಾದ ಮೊದಲ ವಾರವೇ ಶುರು. ಅಪಾಯದ ಮುನ್ಸೂಚನೆಗಳು, ತಾನೇ ಮಾಡಿಕೊಳ್ಳಬಹುದಾದದ್ದು, ಯಾರನ್ನು ಕರೆಯಬೇಕು ಎಂಬುದನ್ನು ಮಗು ತನ್ನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಯುತ್ತದೆ. ಹೊರರೋಗಿ ಚಿಕಿತ್ಸಕರು ಬಿಡುಗಡೆಗೆ ಮೊದಲೇ ಒಮ್ಮೆ ಬಂದು ಮಗುವನ್ನು ನೋಡಬೇಕೆಂಬುದು ನನ್ನ ಹಟ. ಹೊರರೋಗಿಯಾಗಿ ಮೊದಲ ಭೇಟಿ ಮನೆಗೆ ಹೋದ ಏಳು ದಿನದೊಳಗೆ. ಹಾಳೆಯ ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಇರುತ್ತದೆ, ಅದು ಹಗಲು ರಾತ್ರಿ ಉಚಿತ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಈ ಸಹಾಯವಾಣಿಯಲ್ಲಿ ತೆಲುಗಿನಲ್ಲೂ ಮಾತಾಡಬಹುದೆಂದು ಅಜ್ಜಿಯಂದಿರಿಗೂ ಹೇಳಿ ಕಳುಹಿಸುತ್ತೇನೆ.